ಏಸ್, ಏರೋ, ಡೆಮಿ, ಗ್ರೇ: ಇಷ್ಟೊಂದು ಹೆಸರು ನಿಜಕ್ಕೂ ಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಈಗಲೇ. ಊರು ಶಿವಮೊಗ್ಗ ಕಡೆ, ಕೆಲಸ ಬೆಂಗಳೂರು, ವಯಸ್ಸು 29. ಇಷ್ಟು ಹೇಳಿದ ಮೇಲೆ ಮನೆಯಲ್ಲಿ ಏನು ನಡೀತಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜಾತಕಗಳು ಓಡಾಡ್ತಿವೆ.

ನನಗೆ ಯಾರ ಮೇಲೂ ದೈಹಿಕ ಆಸೆ ಅಂತ ಹುಟ್ಟಿದ್ದಿಲ್ಲ. ಅಸಹ್ಯ ಅಂತಲ್ಲ, ಭಯ ಅಂತಲೂ ಅಲ್ಲ, ಸುಮ್ಮನೆ ಇಲ್ಲ. ಆದರೆ ಪ್ರೀತಿ ಆಗಿದೆ. ಅವರ ಮೆಸೇಜ್ ಬರಲಿಲ್ಲ ಅಂತ ಊಟ ಬಿಟ್ಟು ಕೂತಿದ್ದೂ ಇದೆ. ಒಬ್ಬ ಗೆಳತಿ "ನೀನು ಅಸೆಕ್ಷುವಲ್" ಅಂದಳು, ಇನ್ನೊಬ್ಬಳು "ಪ್ರೀತಿ ಆಗಿದೆ ಅಂದಮೇಲೆ ಅದು ಹೇಗಾಗುತ್ತೆ, ನೀನು ಡೆಮಿ ಇರಬೇಕು" ಅಂದಳು. ಹುಡುಕಿ ನೋಡಿದರೆ ಗ್ರೇ, ಏರೋ, ಲಿಥ್ರೋ, ಕ್ಯುಪಿಯೋ, ಪಟ್ಟಿ ಮುಗಿಯೋದೇ ಇಲ್ಲ. ಇದನ್ನೆಲ್ಲ ಯಾರು ಮಾಡಿದ್ದು? ಮಾಡಿ ಯಾರಿಗೆ ಉಪಯೋಗ ಆಯ್ತು? ನನ್ನ ಅಮ್ಮನಿಗೆ ಹೇಳೋಕೆ ಇದರಲ್ಲಿ ಒಂದಾದರೂ ಕೆಲಸಕ್ಕೆ ಬರುತ್ತಾ?

ಪಣಂಬೂರು_ಅಲೆ

ನೀವು ಹೇಳಿದ್ದರಲ್ಲಿ ಗೊಂದಲ ಏನೂ ಇಲ್ಲ ಮಾರಾಯ್ರೆ. ಒಬ್ಬರನ್ನು ಕಂಡಾಗ ಅವರ ದೇಹ ಬೇಕು ಅನ್ನಿಸುವುದು ಒಂದು. ಅವರ ಜೋಡಿಯಾಗಬೇಕು, ಅವರಿಗೆ ನಾನು ವಿಶೇಷ ಆಗಬೇಕು ಅನ್ನಿಸುವುದು ಇನ್ನೊಂದು. ಹೆಚ್ಚಿನವರಿಗೆ ಇವೆರಡೂ ಒಟ್ಟಿಗೇ ಬರುತ್ತವೆ, ಹಾಗಾಗಿ ಒಂದೇ ಹೆಸರು ಸಾಕಾಗುತ್ತದೆ. ಕೆಲವರಿಗೆ ಮೊದಲನೆಯದು ಬರುವುದಿಲ್ಲ, ಅವರು ಅಸೆಕ್ಷುವಲ್, ಚುಟುಕಾಗಿ ಏಸ್. ಕೆಲವರಿಗೆ ಎರಡನೆಯದು ಬರುವುದಿಲ್ಲ, ಅವರು ಏರೊಮ್ಯಾಂಟಿಕ್, ಚುಟುಕಾಗಿ ಏರೋ. ಎರಡೂ ಇಲ್ಲದವರು ಏರೋ-ಏಸ್. ನೀವು ಬರೆದದ್ದು ನೋಡಿದರೆ ಏಸ್ ಹೌದು, ಏರೋ ಅಲ್ಲ. ನಿಮ್ಮ ಇಬ್ಬರು ಗೆಳತಿಯರೂ ಅಷ್ಟೇನೂ ತಪ್ಪಿಲ್ಲ, ಎರಡನೆಯವರು ಮಾತ್ರ ಪ್ರೀತಿಯನ್ನೂ ಆಸೆಯನ್ನೂ ಒಂದೇ ಖಾತೆಗೆ ಹಾಕಿದರು.

ಗ್ರೇ ಅಂದರೆ ಅಪರೂಪಕ್ಕೆ, ಅಥವಾ ಬಂದರೂ ಬಾರದ ಹಾಗೆ ಬರುವುದು. ಡೆಮಿ ಅಂದರೆ ಮನಸ್ಸಿನ ಗಟ್ಟಿ ನಂಟು ಬೆಳೆದ ಮೇಲಷ್ಟೇ, ಅದೂ ಬಂದರೆ ಉಂಟು. ಲಿಥ್ರೋ ಅಂದರೆ ಪ್ರೀತಿ ಹುಟ್ಟುತ್ತದೆ, ಆದರೆ ಆ ಕಡೆಯಿಂದ ವಾಪಸ್ ಬಂದರೆ ಬೇಡ ಅನ್ನಿಸುತ್ತದೆ. ಕ್ಯುಪಿಯೋ ಅಂದರೆ ಆಕರ್ಷಣೆ ಇಲ್ಲ, ಸಂಬಂಧ ಮಾತ್ರ ಬೇಕು.

ಇನ್ನೊಂದು, ಇದರಲ್ಲಿ ತುಂಬ ಜನ ಎಡವುತ್ತಾರೆ. ಶರೀರದ ಬಿಸಿ ಬೇರೆ, ಒಬ್ಬರ ಮೇಲಿನ ಆಕರ್ಷಣೆ ಬೇರೆ. ಏಸ್ ಆದವರಿಗೂ ಬಿಸಿ ಇರಬಹುದು, ಅದು ಯಾರ ಕಡೆಗೂ ತಿರುಗುವುದಿಲ್ಲ ಅಷ್ಟೆ. ಮತ್ತೆ ಆ ಕ್ರಿಯೆಯನ್ನೇ ಸಹಿಸದ ಏಸ್ ಇದ್ದಾರೆ, ಆದರೂ ಸರಿ ಆಗದಿದ್ದರೂ ಸರಿ ಅನ್ನುವವರು ಇದ್ದಾರೆ, ಸಂಗಾತಿಗೋಸ್ಕರ ಖುಷಿಯಿಂದಲೇ ಒಪ್ಪುವವರೂ ಇದ್ದಾರೆ. ಮದುವೆ ವಿಷಯಕ್ಕೆ ಬಂದರೆ ನಿಮಗೆ ಬೇಕಾಗುವುದು ಈ ಕೊನೆಯ ಮಾಹಿತಿ, ಹೆಸರಲ್ಲ.

ಯಾರು ಮಾಡಿದ್ದು ಅಂತ ಕೇಳಿದಿರಿ. ಅಮೆರಿಕದಲ್ಲಿ ಆಲ್ಫ್ರೆಡ್ ಕಿನ್ಸಿ ಅನ್ನುವ ಸಂಶೋಧಕ 1948ರಲ್ಲಿ, ಆಸೆ ವಿರುದ್ಧ ಲಿಂಗದ ಕಡೆಗೋ ಸ್ವಂತ ಲಿಂಗದ ಕಡೆಗೋ ಎಷ್ಟು ಅಂತ ಅಳೆಯಲು ಸೊನ್ನೆಯಿಂದ ಆರರವರೆಗೆ ಅಳತೆಪಟ್ಟಿ ಮಾಡಿದ. ಅದರಲ್ಲಿ ಯಾವ ಅಂಕಿಗೂ ಸಿಗದವರನ್ನು 'ಎಕ್ಸ್' ಅಂತ ಬರೆದು ಪಕ್ಕಕ್ಕಿಟ್ಟ. ನಮ್ಮವರು ಆ ಎಕ್ಸ್‌ನಲ್ಲೇ ಬಹಳ ಕಾಲ ಇದ್ದರು. 2001ರಲ್ಲಿ ಡೇವಿಡ್ ಜೇ ಅನ್ನುವ ಕಾಲೇಜು ಹುಡುಗ ಏಸ್ ಆದವರಿಗಾಗಿ ಏವೆನ್ ಅಂತ ಒಂದು ಜಾಲತಾಣ ತೆರೆದ. ಡೆಮಿ ಅನ್ನುವುದು ಅಲ್ಲಿಯ ಹರಟೆಯಲ್ಲೇ 2006ರಲ್ಲಿ ಹುಟ್ಟಿದ ಪದ. ಹಾಗಾಗಿ ಇದನ್ನು ಪ್ರೊಫೆಸರುಗಳು ಮಾಡಿದ್ದಲ್ಲ. ರಾತ್ರಿ ನಿದ್ದೆ ಬಾರದೆ "ನನ್ನ ಹಾಗೆ ಇನ್ನೊಬ್ಬರು ಇದ್ದೀರಾ" ಅಂತ ಕೇಳಿದವರು ಮಾಡಿದ್ದು.

ಕಬ್ಬಿನಗದ್ದೆ

ಬೇಜಾರು ಮಾಡ್ಕೋಬೇಡಿ ಕಣಮ್ಮ, ನೇರವಾಗಿ ಹೇಳ್ತೀನಿ. ನಮ್ಮ ಕಾಲದಲ್ಲೂ ಇಂಥವರು ಇದ್ರು. ನಮ್ಮ ಊರಲ್ಲೊಬ್ರು ಮೇಷ್ಟ್ರು ಮದುವೇನೇ ಆಗಲಿಲ್ಲ, ಅವರನ್ನ ಬ್ರಹ್ಮಚಾರಿ ಅಂತಿದ್ವಿ, ಗೌರವವಾಗೇ ಇದ್ರು. ಅವರಿಗೆ ಬಾವುಟ, ಬಣ್ಣ ಏನೂ ಬೇಕಾಗಿರಲಿಲ್ಲ. ಈಗಿನವರಿಗೆ ಎಲ್ಲಕ್ಕೂ ಒಂದು ಇಂಗ್ಲಿಷ್ ಹೆಸರು ಬೇಕು. ಹೆಸರಿಟ್ಟ ಮೇಲೇ ಕಾಯಿಲೆ ಶುರುವಾಗೋದು.

ಗ್ರೇ_ಗುಬ್ಬಿ

ಸರ್, ನಿಮ್ಮ ಮೇಷ್ಟ್ರಿಗೆ ಮದುವೆ ಬೇಡ ಅನ್ನೋ ಸ್ವಾತಂತ್ರ್ಯ ಇತ್ತು. ಅದೇ ಊರಲ್ಲಿ ಮದುವೆ ಬೇಡ ಅಂದ ಹೆಣ್ಣುಮಗಳು ಒಬ್ಬರ ಹೆಸರು ಹೇಳಿ, ಗೌರವವಾಗಿ ಇದ್ದವರು.

ಬ್ರಹ್ಮಚರ್ಯ ಅಂದರೆ ಆಸೆ ಇದ್ದು ಹಿಡಿದಿಟ್ಟುಕೊಳ್ಳೋದು, ಅದಕ್ಕೇ ವ್ರತ ಅನ್ನೋದು. ಏಸ್ ಆದವರು ಏನನ್ನೂ ಹಿಡಿದಿಟ್ಟುಕೊಂಡಿಲ್ಲ. ಇಲ್ಲದ್ದನ್ನು ಬಿಟ್ಟಿದ್ದಕ್ಕೆ ನಮಸ್ಕಾರ ಮಾಡಿಸಿಕೊಳ್ಳೋದು ಸರಿಯಲ್ಲ ಅಲ್ವಾ?

ಪುಸ್ತಕದ_ಹುಳು

ಇಂಗ್ಲಿಷ್ ಹೆಸರು ಅಂದಿರಲ್ಲ ಗದ್ದೆ ಅವರೇ, ಅದಕ್ಕೊಂದು ಮಾತು. ಹೋಮೋಸೆಕ್ಷುವಲ್, ಹೆಟೆರೋಸೆಕ್ಷುವಲ್ ಎರಡನ್ನೂ ಸೃಷ್ಟಿಸಿದ್ದು ಒಬ್ಬನೇ, ಕಾರ್ಲ್ ಮರಿಯಾ ಕೆರ್ಟ್‌ಬೆನಿ ಅಂತ, ಹಂಗೇರಿ ಮೂಲದ ಬರಹಗಾರ, ಬರೆಯುತ್ತಿದ್ದುದು ಜರ್ಮನ್‌ನಲ್ಲಿ. 1868ರ ಒಂದು ಪತ್ರದಲ್ಲಿ ಮೊದಲು ಬಳಸಿದ, ಮುಂದಿನ ವರ್ಷ ಪ್ರಷ್ಯಾದ ಸಲಿಂಗ ವಿರೋಧಿ ಕಾನೂನನ್ನು ಖಂಡಿಸಿ ಹೆಸರು ಹಾಕದೆ ಕಿರುಪುಸ್ತಿಕೆ ಅಚ್ಚು ಹಾಕಿಸಿದ. ಅಂದರೆ ಗಂಡು ಹೆಣ್ಣನ್ನು, ಹೆಣ್ಣು ಗಂಡನ್ನು ಬಯಸೋದಕ್ಕೂ ಅಲ್ಲಿಯವರೆಗೆ ಈ ಹೆಸರಿರಲಿಲ್ಲ. ಅದೂ ಒಂದು ಲೇಬಲ್ಲೇ.

ಇನ್ನೂ ಮಜಾ ಇದೆ. 1923ರ ಮೆರಿಯಂ ವೆಬ್‌ಸ್ಟರ್ ನಿಘಂಟಿನಲ್ಲಿ ಹೆಟೆರೋಸೆಕ್ಷುವಾಲಿಟಿ ಅಂದರೆ ವಿರುದ್ಧ ಲಿಂಗದವರ ಮೇಲಿನ ರೋಗಗ್ರಸ್ತ ಮೋಹ ಅನ್ನೋ ಅರ್ಥ ಇತ್ತು. 1934ರ ಆವೃತ್ತಿ ಹೊತ್ತಿಗೆ ಅದೇ ಸಹಜ ಅಂತಾಯ್ತು. ಹನ್ನೊಂದು ವರ್ಷದಲ್ಲಿ ನೀವೂ ನಿಮ್ಮ ಮನೆಯವರೂ ಕಾಯಿಲೆಯಿಂದ ಗುಣ ಆದಿರಿ ನೋಡಿ.

ಕಬ್ಬಿನಗದ್ದೆ

ಹಹ್ಹಹ್ಹ. ಆಯ್ತು ಬುಡಿ, ಆ ಒಂದು ಮಾತಿಗೆ ಸೋತೆ. ಮಿಕ್ಕಿದ್ದಕ್ಕೆ ಸೋತಿಲ್ಲ.

ಉಣಕಲ್_ಗಾಳಿ

ನಾ ಹುಬ್ಬಳ್ಳಿಯಾಂವ. ಇಂಗ್ಲಿಷ್ ಬರದ ಮಂದಿಗೆ ಲೇಬಲ್ ಇರಲಿಲ್ಲ ಅಂತ ಯಾರಾರ ಅಂದ್ರ ನಂಗ ನಗು ಬರ್ತದ್ರೀ. ನಾವು ಸಣ್ಣಾವ್ರಿದ್ದಾಗ ಬಸ್‌ಸ್ಟ್ಯಾಂಡಿನ್ಯಾಗ, ಪಾರ್ಕಿನ್ಯಾಗ ಕೋತಿ (ಹೆಣ್ಣಿನ ನಡತಿ ಇರೋ ಗಂಡಸು), ಪಂತಿ (ಅವರ ಜೋಡಿಯಾಗೋ ಗಂಡಸು), ಡಬಲ್ ಡೆಕ್ಕರ್ (ಎರಡೂ ಥರಾ ಇರಾಂವ), ಎಲ್ಲಾ ಹೆಸರು ಇದ್ವು. ಯಾರು ಯಾವ ಥರಾ ಅಂತ ಎರಡ ಮಾತಿನ್ಯಾಗ ಗೊತ್ತಾಗ್ತಿತ್ತು. ಅವು ಯಾವ ವಿಶ್ವವಿದ್ಯಾಲಯದಿಂದ ಬಂದಿದ್ವು? ಬೆಂಗಳೂರಾಗ ಪಿಯುಸಿಎಲ್ ಅನ್ನೋ ಮಾನವ ಹಕ್ಕಿನ ಸಂಘಟನೆಯವರು 2001ರಾಗ ಲೈಂಗಿಕ ಅಲ್ಪಸಂಖ್ಯಾತರ ಮ್ಯಾಲಿನ ದೌರ್ಜನ್ಯದ ವರದಿ ತಂದ್ರಲ್ಲ, ಅದರಾಗೂ ಈ ಹೆಸರು ಅದಾವ.

ಆಮ್ಯಾಲೆ ಏಡ್ಸ್ ನಿಯಂತ್ರಣದ ಯೋಜನೆ ಬಂತು. ಅವರ ರಿಜಿಸ್ಟರಿನ್ಯಾಗ ನಾವೆಲ್ಲ 'ಎಂಎಸ್‌ಎಂ' ಆದ್ವಿ, ಗಂಡಸರ ಜೋಡಿ ಸಂಬಂಧ ಇಟ್ಕೊಂಡ ಗಂಡಸರು ಅಂತ. ಇದು ವಿಚಿತ್ರ ಲೇಬಲ್ ನೋಡ್ರಿ. ನೀ ಯಾರನ್ನ ಬಯಸ್ತೀ ಅಂತ ಕೇಳಂಗಿಲ್ಲ, ಏನ್ ಮಾಡ್ದಿ ಅಂತ ಕೇಳ್ತದ. ಆ ಲೆಕ್ಕದಿಂದ ಕಾಂಡೋಮ್ ಬಂದ್ವು, ಪರೀಕ್ಷೆ ಬಂತು, ಕೂಡಲಿಕ್ಕೆ ಒಂದು ಜಾಗಾ ಬಂತು, ಎಷ್ಟೋ ಮಂದಿ ಜೀವ ಉಳೀತು. ನಾ ಅದನ್ನ ಬೈಯಂಗಿಲ್ಲ.

ಆದ್ರ ಏನೂ ಮಾಡದಾವ್ರು? ನಮ್ಮ ಜೋಡಿ ಒಬ್ಬಾಂವ ಇದ್ದ. ಎಲ್ಲರ ಜೊತಿ ಕೂಡಾಂವ, ಹಾಡಾಂವ, ಒಬ್ಬಾವನ್ನ ಮನಸಾರೆ ಹಚ್ಕೊಂಡಿದ್ದ. ಮೈ ಮುಟ್ಟೋದು ಮಾತ್ರ ಬ್ಯಾಡ ಅಂತಿದ್ದ. ಕೌನ್ಸೆಲರ್ ಫಾರ್ಮ್ ತುಂಬಾಕ ಕುಂತಾಗ ಅವಗ ಯಾವ ಕಾಲಮ್ಮೂ ಇರಲಿಲ್ಲ. ಕ್ರಿಯೆ ಇಲ್ಲ ಅಂದ್ರ ಅಪಾಯ ಇಲ್ಲ, ಅಪಾಯ ಇಲ್ಲ ಅಂದ್ರ ಆ ಯೋಜನೆಗೆ ಮನುಷ್ಯಾನೂ ಇಲ್ಲ. ನಾವೂ "ಇಂವ ಅಂಜುಬುರುಕ" ಅಂತ ನಗಾಡ್ತಿದ್ವಿ. ಆಗ ಏಸ್ ಅನ್ನೋ ಶಬ್ದ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರ ಅಂವ ನಮ್ಮ ನಡುವ ಇನ್ನೊಂದಿಷ್ಟು ದಿನ ಕೂಡ್ತಿದ್ದ ಅನ್ನಸ್ತದ.

ಬಯಲಸೀಮೆ

ಗಾಳಿ ಅಣ್ಣ, ಓದಿ ಬೇಜಾರಾಯ್ತು. ನನ್ನದು ಉಲ್ಟಾ ಕೇಸು. ಏರೋ, ಆದರೆ ಏಸ್ ಅಲ್ಲ. ಆಸೆ ಇದೆ, ಪ್ರೀತಿ ಅಂತ ಸಿನಿಮಾದಲ್ಲಿ ತೋರಿಸ್ತಾರಲ್ಲ, ಅದು ಹುಟ್ಟಲ್ಲ. ಈ ಥರ ಇರೋರಿಗೆ ಏರೋ-ಆಲೋ ಅಂತಾರೆ.

ಗಮನಿಸಿ ನೋಡಿ, ಏಸ್ ಅಂದರೆ ಜನ ಸ್ವಲ್ಪ ಮರುಕ, ಸ್ವಲ್ಪ ಭಕ್ತಿ ತೋರಿಸ್ತಾರೆ. "ಪರಿಶುದ್ಧ ಪ್ರೇಮ" ಅಂತ. ಏರೋ ಅಂದ ತಕ್ಷಣ "ಓಹೋ, ಮಜಾ ಮಾಡಿ ಕೈಕೊಡೋನು" ಅಂತ ತೀರ್ಪು. ನಾನು ಯಾರಿಗೂ ಸುಳ್ಳು ಹೇಳಿ ಕೈಕೊಟ್ಟಿಲ್ಲ. ಮೊದಲೇ ಹೇಳ್ತೀನಿ, ಹೇಳಿದ್ದಕ್ಕೇ ಬೈಸಿಕೊಳ್ತೀನಿ. ಅಪ್ಪ ಅಮ್ಮನ ಮೇಲೆ, ತಂಗಿ ಮಗು ಮೇಲೆ, ಗೆಳೆಯರ ಮೇಲೆ ಪ್ರಾಣ ಇಟ್ಟುಕೊಂಡಿದ್ದೀನಿ. ಅದು ಲೆಕ್ಕಕ್ಕಿಲ್ಲ. ಒಬ್ಬರನ್ನು ಜೋಡಿ ಅಂತ ಕೂರಿಸಿಕೊಂಡರೆ ಮಾತ್ರ ಹೃದಯ ಇದೆ ಅಂತ.

ಏರೋ ಬಾವುಟ ಹಸಿರು ಯಾಕೆ ಗೊತ್ತಾ? ಪ್ರೇಮ ಅಂದರೆ ಕೆಂಪು, ಬಣ್ಣದ ಚಕ್ರದಲ್ಲಿ ಅದಕ್ಕೆ ಎದುರು ಕೂರೋದು ಹಸಿರು. ಈಗ ಎಲ್ಲ ಕಡೆ ಕಾಣೋ ಹಸಿರು, ಬಿಳಿ, ಬೂದು, ಕಪ್ಪು ಪಟ್ಟಿಯದ್ದು 2014ರದ್ದು. ಏಸ್‌ನವರ ಕಪ್ಪು, ಬೂದು, ಬಿಳಿ, ನೇರಳೆ 2010ರಿಂದ ಇದೆ. ಏರೋ ಜಾಗೃತಿ ಸಪ್ತಾಹ ಬರೋದು ಫೆಬ್ರವರಿಯ ಪ್ರೇಮಿಗಳ ದಿನ ಮುಗಿದ ಮೇಲೆ. ಗುಲಾಬಿ ಬಾಡಿದ ಮೇಲೆ ನಮ್ಮ ಸರದಿ.

ಗ್ರೇ_ಗುಬ್ಬಿ

ಬಯಲಸೀಮೆ ಅವರೇ, ನೀವು ಕ್ವೀರ್‌ಪ್ಲಾಟೋನಿಕ್ ಸಂಬಂಧದ ಬಗ್ಗೆ ಕೇಳಿದ್ದೀರಾ? ಪ್ರೇಮ ಅಲ್ಲ, ಬರೀ ಸ್ನೇಹ ಅಂತ ಹೇಳಿ ಮುಗಿಸೋಕೂ ಆಗಲ್ಲ, ಬದುಕು ಜೊತೆಗೆ ಕಟ್ಟಿಕೊಳ್ಳೋದು. ಅಂಥ ಸಂಗಾತಿಗೆ ಆ ಬಳಗದಲ್ಲಿ ತಮಾಷೆಗೆ 'ಜುಕಿನಿ' ಅಂತ ಕರೀತಾರೆ, ಸರಿಯಾದ ಪದವೇ ಇಲ್ಲ ಅಂದಮೇಲೆ ಯಾವ ಪದವಾದರೇನು ಅಂತ.

ಪಣಂಬೂರು_ಅಲೆ

ಜುಕಿನಿ ನಮ್ಮ ಊರ ಸಂತೆಯಲ್ಲಿ ಸಿಗುವುದಿಲ್ಲ. ಹೀರೇಕಾಯಿ ಆದೀತಾ?

ಬಯಲಸೀಮೆ

ಹೀರೇಕಾಯಿ ಓಕೆ. ಚಟ್ನಿಗೂ ಆಗುತ್ತೆ.

ಕಾಫಿತೋಟ

ನಂದೊಂದು ನೇರ ಪ್ರಶ್ನೆ, ಜಗಳಕ್ಕಲ್ಲ. ಏಸ್ ಅರ್ಥ ಆಯ್ತು, ಏರೋ ಅರ್ಥ ಆಯ್ತು. ಡೆಮಿ ಮಾತ್ರ ನನಗೆ ಒಪ್ಪಿಗೆ ಆಗ್ತಿಲ್ಲ. ಮನಸ್ಸು ಕೂಡಿದ ಮೇಲೆ ಆಸೆ ಅಂದರೆ, ನಮ್ಮಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು ಹಾಗೇ ತಾನೇ ಬೆಳೆದಿರೋದು? ಡೇಟಿಂಗ್ ಆ್ಯಪ್‌ನಲ್ಲಿ ಫೋಟೋ ನೋಡಿ ಬಲಕ್ಕೆ ತಳ್ಳೋ ಊರಲ್ಲಿ ಅದು ವಿಶೇಷ ಇರಬಹುದು. ಇಲ್ಲಿ ಅದಕ್ಕೆ ಸಂಸ್ಕಾರ ಅಂತಾರೆ.

ಗ್ರೇ_ಗುಬ್ಬಿ

ಈ ಪ್ರಶ್ನೆಗೆ ಉದ್ದ ಉತ್ತರ ಕೊಡ್ತೀನಿ, ಯಾಕಂದ್ರೆ ನಾನು ಇದರಲ್ಲೇ ಒದ್ದಾಡಿದವಳು.

ಸಂಸ್ಕಾರ ಅನ್ನೋದು ನಡತೆ. ಆಸೆ ಬಂದರೂ ತೋರಿಸಬಾರದು, ಕಾಯಬೇಕು ಅಂತ ಕಲಿಸ್ತಾರೆ. ಕಾಯೋಕೆ ಹೇಳಿಸಿಕೊಂಡ ಹುಡುಗಿಗೂ ಎದುರುಮನೆ ಹುಡುಗನನ್ನು ನೋಡಿ ಏನೋ ಆಗುತ್ತೆ, ಆಗಿದ್ದನ್ನು ಮುಚ್ಚಿಟ್ಟುಕೊಳ್ತಾಳೆ. ಡೆಮಿ ಆದವರಿಗೆ ಎದುರುಮನೆ ಹುಡುಗನನ್ನು ನೋಡಿ ಏನೂ ಆಗಲ್ಲ, ಮುಚ್ಚಿಡೋಕೆ ಏನೂ ಇರಲ್ಲ. ಹೊರಗಿಂದ ಇಬ್ಬರೂ ಒಂದೇ ಥರ ತಲೆ ತಗ್ಗಿಸಿ ನಡೆಯೋದು ಕಾಣುತ್ತೆ. ಅದಕ್ಕೇ ನಮ್ಮಂಥವರಿಗೆ ನಮ್ಮದೇ ಬೇರೆ ಅಂತ ಗೊತ್ತಾಗೋದು ತಡ. ಮನೆಯವರಿಂದ "ಒಳ್ಳೇ ಹುಡುಗಿ" ಅನ್ನೋ ಸರ್ಟಿಫಿಕೇಟು ಬೇರೆ ಸಿಕ್ಕಿರುತ್ತೆ.

ಗೊತ್ತಾಗೋದು ಯಾವಾಗ? ಪ್ರಸ್ತಕ್ಕೆ ಮುಹೂರ್ತ ಇಟ್ಟಾಗ. ನಮ್ಮ ಮದುವೆಯ ಏರ್ಪಾಡೇ ನೋಡಿ. ಅದು ಮೊದಲು ಪರಿಚಯ ಆಮೇಲೆ ದೇಹ ಅನ್ನೋದಲ್ಲ. ನಾಲ್ಕು ಸಲ ಫೋನಲ್ಲಿ ಮಾತಾಡಿದ ಮನುಷ್ಯನ ಜೊತೆ, ಮನೆ ತುಂಬ ನೆಂಟರು ಇರೋವಾಗ, ಪಂಚಾಂಗ ಹೇಳಿದ ರಾತ್ರಿ. ಡೇಟಿಂಗ್ ಆ್ಯಪ್ ಕನಿಷ್ಠ ನಿನ್ನ ಬೆರಳಿಗಾದರೂ ಬಿಟ್ಟಿರುತ್ತೆ. ಆಸೆಯೇ ಮುಖ್ಯವಾಗಿರೋ ಊರಲ್ಲಿ ಡೆಮಿ ಆದವರಿಗೆ ಸಂಗಾತಿ ಸಿಗೋದು ಕಷ್ಟ. ನಮ್ಮಲ್ಲಿ ಸಂಗಾತಿ ಸಿಕ್ಕಿಬಿಡ್ತಾರೆ, ಕಾಲಾವಕಾಶ ಸಿಗಲ್ಲ. ಒಂದೇ ಹೆಸರು, ತೊಂದರೆ ಎರಡೂ ಕಡೆ ಬೇರೆ ಬೇರೆ.

ಇನ್ನೊಂದು, ನಂಟು ಬೆಳೆದರೆ ಆಸೆ ಬಂದೇ ಬರುತ್ತೆ ಅಂತ ಡೆಮಿ ಪದ ಗ್ಯಾರಂಟಿ ಕೊಡಲ್ಲ. ಬಹಳ ಗಂಡಸರು "ಡೆಮಿ ತಾನೇ, ನಾನು ಕಾಯ್ತೀನಿ" ಅಂತ ಕ್ಯಾಲೆಂಡರ್ ನೋಡ್ತಾ ಕೂರ್ತಾರೆ. ಆ ಕಾಯುವಿಕೆಯೇ ಒತ್ತಡ.

ಕಾಫಿತೋಟ

ಪ್ರಸ್ತದ ಮಾತು ಸರಿಯಾಗಿ ತಾಗಿತು. ಹೆಸರಿನ ಬಗ್ಗೆ ಇನ್ನೂ ಅರ್ಧ ಒಪ್ಪಿಗೆ ಅಷ್ಟೇ, ತೊಂದರೆಯ ಬಗ್ಗೆ ಪೂರ್ತಿ.

ನಿರ್ವಾಹಕ

"ಒಂದು ಸಲ ಸರಿಯಾದ ಗಂಡಸು ಸಿಕ್ಕರೆ" ಅಂತ ಶುರುವಾಗಿದ್ದ ಪ್ರತಿಕ್ರಿಯೆಯನ್ನು ತೆಗೆದಿದ್ದೇವೆ. ಬರೆದವರಿಗೆ ಕಾರಣ ಕಳಿಸಿದ್ದೇವೆ. ಚರ್ಚೆ ಮುಂದುವರಿಯಲಿ.

ಸ್ಟೆತೋಸ್ಕೋಪು

ಮನೋವೈದ್ಯಕೀಯದಲ್ಲಿ ಇದ್ದೇನೆ. ಇಲ್ಲಿ ಬರೆಯುವುದು ಯಾರಿಗೂ ಚಿಕಿತ್ಸೆ ಅಲ್ಲ, ಸಾಮಾನ್ಯ ಮಾಹಿತಿ.

ಮೊದಲು ಇದ್ದ ಆಸೆ ಇತ್ತೀಚೆಗೆ ಹೋಗಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಕಡಿಮೆ ಇರುವುದು, ಪ್ರೊಲ್ಯಾಕ್ಟಿನ್ ಹೆಚ್ಚಾಗುವುದು, ಖಿನ್ನತೆ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು, ಇವೆಲ್ಲ ಕಾರಣ ಆಗಬಹುದು. ಆದರೆ ಹದಿಹರೆಯದಿಂದ ಹೀಗೇ ಇದ್ದು, ಅದರಿಂದ ತಮಗೆ ಸಂಕಟ ಇಲ್ಲದವರಿಗೆ ಅದು ರೋಗ ಅಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಡಿಎಸ್‌ಎಂ-5, 2013ರಲ್ಲಿ ಬಂದಾಗ ಒಂದು ಮುಖ್ಯ ವಾಕ್ಯ ಸೇರಿತು: ಆಸಕ್ತಿ ಇಲ್ಲದಿರುವುದನ್ನು ವ್ಯಕ್ತಿ ತಾನು ಅಸೆಕ್ಷುವಲ್ ಎಂದುಕೊಳ್ಳುವುದರಿಂದಲೇ ವಿವರಿಸಬಹುದಾದರೆ ಲೈಂಗಿಕ ಆಸಕ್ತಿಯ ಕಾಯಿಲೆ ಎಂದು ಬರೆಯಬಾರದು. ನನ್ನ ಮಟ್ಟಿಗೆ ಲೇಬಲ್‌ನ ಅತ್ಯಂತ ಕಾಂಕ್ರೀಟ್ ಉಪಯೋಗ ಇದೇ. ರೋಗಿ ಆ ಪದ ಹೇಳಿದರೆ ಒಂದು ರೋಗದ ಹೆಸರು ತಪ್ಪುತ್ತದೆ. ಹೇಳಲು ಪದವೇ ಗೊತ್ತಿಲ್ಲದಿದ್ದರೆ ತಪ್ಪದೇ ಇರಬಹುದು. ಇದು ನ್ಯಾಯವೇ ಎಂದರೆ ಅಲ್ಲ, ಆದರೆ ಸದ್ಯಕ್ಕೆ ಇರುವುದು ಹಾಗೆ.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸಮುದಾಯದ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಹೊಂದಿಕೊಂಡಿಲ್ಲ ಎನ್ನುವ ಆಧಾರದ ಮೇಲೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಒಲವನ್ನೇ ಬದಲಿಸುತ್ತೇವೆ ಎನ್ನುವ 'ಪರಿವರ್ತನಾ ಚಿಕಿತ್ಸೆ'ಯನ್ನು ವೃತ್ತಿ ದುರ್ನಡತೆ ಎಂದು ಹೇಳಿದೆ. "ಮಗಳಿಗೆ ಆಸೆ ಬರುವ ಇಂಜೆಕ್ಷನ್ ಕೊಡಿ" ಎಂದು ಬರುವ ತಂದೆತಾಯಿಗೆ ಇವೆರಡನ್ನೂ ಹೇಳಿ ಕಳಿಸುತ್ತೇನೆ. ಬರುತ್ತಾರೆ, ನಂಬಿ.

ಕರಿಕೋಟು

ಮದುವೆ ಮಾತು ಬಂದಿರೋದರಿಂದ ಕಾನೂನಿನ ಕಡೆಯದ್ದು ಹೇಳಿಬಿಡ್ತೀನಿ. ಏಸ್ ಅನ್ನೋ ಪದ ನಮ್ಮ ಮದುವೆ ಕಾನೂನಲ್ಲಿ ಎಲ್ಲೂ ಇಲ್ಲ. ಇರೋದು ಬೇರೆ ಪದಗಳು.

1955ರ ಹಿಂದೂ ವಿವಾಹ ಕಾಯ್ದೆಯ 12(1)(ಎ): ಎದುರು ಪಕ್ಷದವರ ನಪುಂಸಕತೆಯಿಂದ ದಾಂಪತ್ಯ ಕೂಡಿಬರದಿದ್ದರೆ ಮದುವೆ ರದ್ದು ಮಾಡಿಸಬಹುದು. ಕೋರ್ಟುಗಳು ಇದರಲ್ಲಿ ದೇಹದ ಕಾರಣ ಮಾತ್ರ ನೋಡಿಲ್ಲ, ಮನಸ್ಸಿನ ಜಯಿಸಲಾಗದ ವಿಮುಖತೆಯನ್ನೂ ಸೇರಿಸಿವೆ. ಅಂದರೆ ಆರೋಗ್ಯವಾಗಿರೋ ಏಸ್ ಹೆಣ್ಣು ಅಥವಾ ಗಂಡು ಕೋರ್ಟಿನ ಕಾಗದದಲ್ಲಿ ಈ ಪದದ ಕೆಳಗೆ ಬಂದು ಕೂರಬಹುದು. ಆಮೇಲೆ ವಿಚ್ಛೇದನಕ್ಕೆ ಕಾರಣ ಆಗೋ ಕ್ರೌರ್ಯ. 2007ರ ಸಮರ್ ಘೋಷ್ ತೀರ್ಪಲ್ಲಿ ಸುಪ್ರೀಂ ಕೋರ್ಟ್, ದೇಹಕ್ಕೆ ಅಡ್ಡಿ ಇಲ್ಲದೆ, ಸರಿಯಾದ ಕಾರಣ ಇಲ್ಲದೆ ಬಹಳ ಕಾಲ ಏಕಪಕ್ಷೀಯವಾಗಿ ನಿರಾಕರಿಸಿದರೆ ಮಾನಸಿಕ ಕ್ರೌರ್ಯ ಆಗಬಹುದು ಅಂದಿದೆ. ಏಸ್ ಆಗಿರೋದು 'ಸರಿಯಾದ ಕಾರಣ'ವೇ ಅನ್ನೋದು ಆ ತೀರ್ಪಲ್ಲಿ ಇಲ್ಲ.

ನಮ್ಮ ಹೈಕೋರ್ಟಿನದ್ದೇ ಒಂದು ಪ್ರಕರಣ 2023ರ ಜೂನ್‌ನಲ್ಲಿ ಸುದ್ದಿ ಆಗಿತ್ತು. ಗಂಡ ಆಧ್ಯಾತ್ಮಿಕ ವಿಡಿಯೋ ನೋಡ್ತಾ, ಪ್ರೀತಿ ಅಂದರೆ ದೇಹದ್ದಲ್ಲ ಅಂತ ದೂರ ಇದ್ದ. ಹೆಂಡತಿ ಹೋಗಿ 498ಎ, ಅಂದರೆ ಹೆಂಡತಿಗೆ ಕ್ರೌರ್ಯ ಕೊಟ್ಟ ಕ್ರಿಮಿನಲ್ ಕೇಸು, ಹಾಕಿದ್ದರು. ಕೋರ್ಟು ಹೇಳಿದ್ದು: ಹಿಂದೂ ವಿವಾಹ ಕಾಯ್ದೆಯಡಿ ಇದು ಕ್ರೌರ್ಯ ಇರಬಹುದು, ಕ್ರಿಮಿನಲ್ ಕಾನೂನಿನ ಕ್ರೌರ್ಯ ಅಲ್ಲ. ಕ್ರಿಮಿನಲ್ ಕೇಸು ರದ್ದಾಯ್ತು. ಆ ಗಂಡ ತಾನು ಏಸ್ ಅಂತ ಹೇಳಿಕೊಂಡಿರಲಿಲ್ಲ, ಹಾಗಾಗಿ ಇದನ್ನು ಏಸ್ ತೀರ್ಪು ಅಂತ ಫಾರ್ವರ್ಡ್ ಮಾಡಬೇಡಿ.

ಹೆಣ್ಣುಮಕ್ಕಳಿಗೆ ವಿಶೇಷವಾಗಿ: ಮದುವೆಯೊಳಗಿನ ಬಲವಂತಕ್ಕೆ ಐಪಿಸಿ 375ರಲ್ಲಿ ಗಂಡನಿಗಿದ್ದ ವಿನಾಯಿತಿ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ರಲ್ಲೂ ಉಳಿದಿದೆ. 2022ರ ಮಾರ್ಚಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಆ ಆರೋಪ ಕೈಬಿಡೋಕೆ ಒಪ್ಪಲಿಲ್ಲ, ಅದು ಸುಪ್ರೀಂ ಕೋರ್ಟಿಗೆ ಹೋಯ್ತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯ ಸೇರಿದೆ, ರಕ್ಷಣೆಯ ಆದೇಶ ಕೇಳಬಹುದು. ಇಷ್ಟೇ ಇರೋದು. ಹಾಗಾಗಿ ತುಂಗಾತೀರ ಮೇಡಂ, ಮದುವೆ ಆದ ಮೇಲೆ ಹೇಳೋಣ ಅನ್ನೋ ಯೋಚನೆ ಇದ್ದರೆ ಬಿಡಿ. ಮೊದಲೇ ಹುಡುಗನ ಹತ್ತಿರ ಹೇಳಿ. ಮುಚ್ಚಿಟ್ಟರೆ 12(1)(ಸಿ) ಪ್ರಕಾರ ಮುಖ್ಯ ಸಂಗತಿ ಮರೆಮಾಚಿ ಒಪ್ಪಿಗೆ ಪಡೆದರು ಅನ್ನೋ ವಾದಕ್ಕೂ ದಾರಿ ಆಗುತ್ತೆ.

ಕಬ್ಬಿನಗದ್ದೆ

ಲಾಯರ್ ಸಾಹೇಬ್ರು ಬರೆದಿದ್ದು ಎರಡು ಸಲ ಓದ್ದೆ. ನಮ್ಮ ಕಡೆ ಎರಡು ಮದುವೆ ಹಿಂಗೇ ಮುರಿದಿದ್ವು, "ಹುಡುಗಿ ಸರಿ ಇಲ್ಲ" ಅಂತ ಮುಗಿಸಿದ್ರು. ಪಂಚಾಯ್ತಿಲಿ ನಾನೂ ಕೂತಿದ್ದೆ. ಇಷ್ಟೇ ಹೇಳ್ತೀನಿ.

ಮಳೆಯ_ಮ್ಯಾಂಚೆಸ್ಟರ್

ದಾವಣಗೆರೆಯವನು, ಇಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಲ್ಲಿ ಸಾಫ್ಟ್‌ವೇರ್. ಯಾರೂ ಅಂಕಿ ಕೇಳಲಿಲ್ಲ, ಆದರೂ ಹೇಳ್ತೀನಿ, ಯಾಕಂದ್ರೆ "ಹೆಸರು ಯಾಕೆ ಬೇಕು" ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕೆನಡಾದ ಸಂಶೋಧಕ ಆಂಥನಿ ಬೋಗರ್ಟ್ 2004ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಸಮೀಕ್ಷೆಯನ್ನು ತೆಗೆದು ನೋಡಿದರು, 18,000ಕ್ಕೂ ಹೆಚ್ಚು ಜನ. ಅದರಲ್ಲಿ ಅಸೆಕ್ಷುವಲ್ ಅನ್ನೋ ಪದವೇ ಇರಲಿಲ್ಲ. "ನನಗೆ ಯಾರ ಮೇಲೂ ಎಂದೂ ಲೈಂಗಿಕ ಆಕರ್ಷಣೆ ಆಗಿಲ್ಲ" ಅನ್ನೋ ಒಂದು ವಾಕ್ಯ ಇತ್ತು. ಅದಕ್ಕೆ ಹೌದು ಅಂದವರು ಸುಮಾರು ನೂರಕ್ಕೆ ಒಬ್ಬರು. ಎಲ್ಲರೂ ಹೇಳೋ ಆ ಒಂದು ಪರ್ಸೆಂಟ್ ಬಂದಿದ್ದು ಇಲ್ಲಿಂದ.

2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ಮೊದಲ ಸಲ ಲೈಂಗಿಕ ಒಲವಿನ ಪ್ರಶ್ನೆ ಬಂತು, 16 ದಾಟಿದವರಿಗೆ, ಇಷ್ಟ ಇದ್ದರೆ ಉತ್ತರಿಸಿ ಅಂತ. ಪಟ್ಟಿಯಲ್ಲಿ ಅಸೆಕ್ಷುವಲ್ ಇರಲಿಲ್ಲ, 'ಇತರೆ' ಅಂತ ಗುರುತು ಹಾಕಿ ಕೈಯಾರೆ ಬರೀಬೇಕಿತ್ತು. ಬರೆದವರು ಸುಮಾರು 28,000, ಅಂದರೆ ಶೇ 0.06. ಹತ್ತು ಸಾವಿರಕ್ಕೆ ಆರು.

ಅನುಭವ ಕೇಳಿದರೆ ಹತ್ತು ಸಾವಿರಕ್ಕೆ ನೂರು, ಹೆಸರು ಕೇಳಿದರೆ ಆರು. ಎರಡೂ ಬೇರೆ ಬೇರೆ ಕಾಲದ, ಬೇರೆ ಥರದ ಲೆಕ್ಕ, ಒಂದರಿಂದ ಒಂದನ್ನು ಕಳೆಯೋಕೆ ಬರಲ್ಲ, ಗೊತ್ತು. ಆದರೂ ನಡುವಿನ ಕಂದಕ ನೋಡಿ. ಅಲ್ಲಿ ಇರೋರು ಯಾರು? ಹೆಸರು ಗೊತ್ತಿಲ್ಲದವರು, ಗೊತ್ತಿದ್ದೂ ಬೇಡದವರು, ಮನೆಯವರೆಲ್ಲರ ಫಾರ್ಮನ್ನೂ ಅಪ್ಪನೇ ತುಂಬಿದ ಮನೆಯವರು. ಎಣಿಸೋಕೆ ಹೆಸರು ಬೇಕು, ಎಣಿಕೆ ಇಲ್ಲದೆ ಕಾನೂನಿಗೆ ಕಿವಿ ಕೇಳಲ್ಲ. ನ್ಯೂಯಾರ್ಕ್ ರಾಜ್ಯದ ತಾರತಮ್ಯ ವಿರೋಧಿ ಕಾನೂನಲ್ಲಿ 2003ರಿಂದ 'ಅಸೆಕ್ಷುವಾಲಿಟಿ' ಅಂತ ಸ್ಪಷ್ಟವಾಗಿ ಇದೆ, ಪದ ಇದ್ದಿದ್ದರಿಂದ ತಾನೇ ಹಾಕೋಕೆ ಆಗಿದ್ದು? ನಮ್ಮ ದೇಶದ ಜನಗಣತಿಯಲ್ಲಂತೂ ಈ ಪ್ರಶ್ನೆಯೇ ಇಲ್ಲ.

ಶರಣು_ಶರಣಾರ್ಥಿ

ಕನ್ನಡದವರಿಗೆ ಇದೆಲ್ಲ ಹೊಸದಲ್ಲ. ಅಕ್ಕಮಹಾದೇವಿ ಅರಮನೆ ಬಿಟ್ಟು ನಡೆದವಳು. ಅವಳೇ ನಮ್ಮ ಮೊದಲ ಏಸ್ ಅಲ್ಲವೇ?

ಪುಸ್ತಕದ_ಹುಳು

ಅಲ್ಲ. ಅಕ್ಕನ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನನ ಮೇಲಿರೋ ಹಂಬಲಕ್ಕಿಂತ ಉರಿಯೋ ಹಂಬಲ ಕನ್ನಡದಲ್ಲಿ ಇನ್ನೆಲ್ಲಿದೆ? ಕೌಶಿಕ ಬೇಡ ಅಂದಿದ್ದಕ್ಕೆ ಯಾರೂ ಬೇಡ ಅಂತ ಅರ್ಥ ಆಗಲ್ಲ. ಲೇಬಲ್ ತಾನಾಗೇ ಹಾಕಿಕೊಳ್ಳೋದು. ಒಂಬತ್ತು ಶತಮಾನದ ಹಿಂದಿನವರಿಗೆ ನಾವು ಅಂಟಿಸೋದಲ್ಲ.

ತುಂಗಾತೀರ

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್, ಗದ್ದೆ ಅವರಿಗೂ.

ನನಗೆ ಈಗ ಅನ್ನಿಸ್ತಿರೋದು ಹೀಗೆ. ಏಸ್ ಅನ್ನೋದು ನನಗೆ ಬೇಕು, ನನ್ನ ಥರದವರನ್ನು ಹುಡುಕೋಕೆ. ಅಮ್ಮನ ಹತ್ತಿರ ಆ ಪದ ಹೇಳಿದರೆ ಅದರ ಅರ್ಥ ಹೇಳೋದರಲ್ಲೇ ಮಾತು ಮುಗಿಯುತ್ತೆ, ಅಪ್ಪ ಬಂದು ಟಿವಿ ಹಾಕ್ತಾರೆ. ಅಮ್ಮನಿಗೆ ಬೇರೆ ವಾಕ್ಯ ಬೇಕು. "ನನಗೆ ಮದುವೆ ಬೇಡ ಅಂತಲ್ಲ, ಜೊತೆ ಬೇಕು. ಆದರೆ ಗಂಡ ಹೆಂಡತಿ ನಡುವಿನ ಆ ವಿಷಯ ನನಗಿಲ್ಲ, ಅದು ಗೊತ್ತಿದ್ದು ಒಪ್ಪೋ ಹುಡುಗ ಆದರೆ ನೋಡೋಣ." ಹೀಗೆ ಹೇಳಿದರೆ ಹೇಗೆ? ಮಕ್ಕಳ ಮಾತು ಬಂದೇ ಬರುತ್ತೆ, ಅದಕ್ಕೂ ತಯಾರಾಗಬೇಕು. ಮತ್ತೆ ಅಂಥ ಹುಡುಗ ಸಿಗೋದು ಎಲ್ಲಿ?

ಗ್ರೇ_ಗುಬ್ಬಿ

ವಾಕ್ಯ ಚೆನ್ನಾಗಿದೆ. "ಆ ವಿಷಯ ನನಗಿಲ್ಲ" ಅನ್ನೋದನ್ನು ಅಮ್ಮ "ಡಾಕ್ಟರ್‌ಗೆ ತೋರಿಸೋಣ" ಅಂತ ಓದಿಕೊಳ್ತಾರೆ, ಅದಕ್ಕೆ "ನಾನು ಆರೋಗ್ಯವಾಗಿದ್ದೀನಿ, ಮೊದಲಿಂದಲೂ ಹೀಗೇ" ಅಂತ ಅದರ ಬೆನ್ನಿಗೇ ಸೇರಿಸಿ. ಮಕ್ಕಳ ಮಾತನ್ನು ಅವತ್ತೇ ತೀರ್ಮಾನ ಮಾಡೋಕೆ ಹೋಗಬೇಡಿ. ಏಸ್ ಆದವರು ತಾಯಂದಿರಾಗಿದ್ದಾರೆ, ಆಗದೆಯೂ ಇದ್ದಾರೆ.

ಹುಡುಕೋಕೆ: ಡಾ. ಪ್ರಗತಿ ಸಿಂಗ್ 2014ರಲ್ಲಿ ಶುರು ಮಾಡಿದ ಇಂಡಿಯನ್ ಏಸಸ್ ಬಳಗ ಇದೆ. ಅವರು 2019ರ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿದ್ದರು. ಮೊದಲು ಅಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಿ, ಹುಡುಗ ಆಮೇಲೆ. ಬೆಂಗಳೂರಿನ ಪ್ರೈಡ್ ನಡಿಗೆಯಲ್ಲೂ ಕಪ್ಪು-ನೇರಳೆ ಬಾವುಟ ಕಂಡರೆ ಹೋಗಿ ಮಾತಾಡಿಸಿ, ಯಾರೂ ಕಚ್ಚಲ್ಲ.

ಕರಿಕೋಟು

ಒಂದು ಪುಟಾಣಿ ಸಲಹೆ. ಹುಡುಗನಿಗೆ ಬಾಯಲ್ಲಿ ಹೇಳಿದ ಮೇಲೆ, ಮಾತಾಡಿದ್ದನ್ನು ವಾಟ್ಸ್‌ಆ್ಯಪಲ್ಲೂ ಎರಡು ಸಾಲು ಬರೆದು ಕಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ನಿಶ್ಚಿತಾರ್ಥಕ್ಕೆ ಮೊದಲು.

ಉಣಕಲ್_ಗಾಳಿ

ತಂಗೀ, ಅವ್ವಗ ಹೇಳೋದು ಫೋನಿನ್ಯಾಗ ಬ್ಯಾಡ. ಊರಿಗೆ ಹೋಗು. ಅಪ್ಪ ಮನ್ಯಾಗ ಇಲ್ಲದಾಗ, ಆಕಿ ಅಡಗಿ ಮನ್ಯಾಗ ಕೆಲಸ ಮಾಡ್ಕೋತ ಇದ್ದಾಗ ಹೇಳು. ಮಾರಿ ನೋಡ್ಕೋತ ಕುಂತ್ರ ಇಬ್ಬರಿಗೂ ಕಷ್ಟ ಆಕ್ಕೈತಿ. ಬೈದ್ರ ಬೈಸ್ಕೋ, ಅವತ್ತ ಉತ್ತರ ಕೇಳಬ್ಯಾಡ.

ತುಂಗಾತೀರ

ಮುಂದಿನ ವಾರ ಹಬ್ಬಕ್ಕೆ ಹೋಗ್ತಿದ್ದೀನಿ ಅಣ್ಣ. ನೆಂಟರು ಹೊರಟ ಮೇಲೆ ನೋಡ್ತೀನಿ.